ಕಡೇ ಬಸ್ಸು, ಕಡೇ ಫೈಟು

ಕಾಫಿ ತೋಟ ಇಟ್ಟುಕೊಂಡವರು ಚಿಂತೆಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆ ಬಂದರೆ ಯಾಕೆ ಬಂತು ಅಂತ, ಬಾರದಿದ್ದರೆ ಯಾಕೆ ಬರಲಿಲ್ಲ ಅಂತ, ಎರಡೂ ಅಲ್ಲದೆ ಬರೀ ಮೋಡ ಕಟ್ಟಿದರೆ ಇದರ ಮನಸ್ಸಿನಲ್ಲಿ ಏನಿದೆಯಪ್ಪಾ ಅಂತ. ನಮ್ಮತ್ತೆ ಸಾಯುವ ಗಳಿಗೆಯಲ್ಲೂ "ಕಣದ ಕಾಫಿಗೆ ಟಾರ್ಪಾಲು ಹೊದೆಸಿದ್ರಾ?" ಅಂತಲೇ ಕೇಳಿದರು. ಬಾಯಿಗೆ ಗಂಗಾಜಲ ಬಿಡುತ್ತಿದ್ದವರು ಚಮಚ ಕೆಳಗಿಟ್ಟು ಕಣಕ್ಕೆ ಓಡಿದರು. ಇಂಥ ಮನೆಗೆ ಸೊಸೆಯಾಗಿ ಬಂದ ನಾನು ಫೈಟಿಂಗ್ ಪಿಕ್ಚರಿನ ಹುಚ್ಚು ಹಿಡಿಸಿಕೊಂಡಿದ್ದರಲ್ಲಿ ಆಶ್ಚರ್ಯ ಏನಿಲ್ಲ. ಅಲ್ಲೂ ಚಿಂತೆ ಇರುತ್ತದೆ, ಆದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಕೆಟ್ಟವನು ಯಾರು ಅಂತ ಮೀಸೆ ನೋಡಿದರೇ ಗೊತ್ತಾಗುತ್ತದೆ. ಅವನಿಗೆ ನಾಲ್ಕು ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಕಾಫಿ ರೇಟು ಬಿದ್ದರೆ ಯಾರಿಗೆ ಹೋಗಿ ಬಿಡುವುದು, ಹೇಳಿ?

ಫೈಟಿಂಗ್ ಪಿಕ್ಚರು ಅಂದರೆ ತೊಂಬತ್ತರ ಆಸುಪಾಸಿನದು. ಆಗ ಹೀರೋ ಹೊಡೆಯುವ ಮುಂಚೆ ಅಂಗಿಯ ತೋಳು ಮಡಿಸುತ್ತಿದ್ದ. ಅಷ್ಟು ಹೊತ್ತೂ ಹೊಡೆಸಿಕೊಳ್ಳಲು ಬಂದವರು ಮರ್ಯಾದೆಯಿಂದ ಕಾಯುತ್ತಿದ್ದರು. ಆಮೇಲೂ ಮುಗಿಬೀಳುತ್ತಿರಲಿಲ್ಲ, ಸೀಮೆಎಣ್ಣೆಗೆ ನಿಂತವರ ಹಾಗೆ ಒಬ್ಬರ ಹಿಂದೆ ಒಬ್ಬರು ಬಂದು ತಮ್ಮ ಪಾಲಿನದು ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲೇ ಹೊಡೆದಾಟ ನಡೆಯಲಿ, ಅಲ್ಲೊಂದು ಮಡಕೆ ಮಾರುವವನ ಗಾಡಿ ನಿಂತಿರಲೇಬೇಕು. ಎಲ್ಲರೂ ಶಿಳ್ಳೆ ಹೊಡೆಯುವಾಗ ನನಗೆ ಆ ಮಡಕೆಯವನದೇ ಚಿಂತೆ, ಸಂಜೆ ಹೆಂಡತಿಗೆ ಏನಂತ ಹೇಳುತ್ತಾನೋ ಅಂತ. ಈಗಿನ ಪಿಕ್ಚರು ನನಗೆ ಸೇರುವುದಿಲ್ಲ. ಒದೆ ತಿಂದವನು ಗಾಳಿಯಲ್ಲಿ ತೇಲಿಕೊಂಡು ಕೆಳಗೆ ಬರುವಷ್ಟರಲ್ಲಿ ನಾನು ಒಂದು ಸಲ ಎಲೆ ಅಡಿಕೆ ಹಾಕಿ ಮುಗಿಸಿರುತ್ತೇನೆ. ನಮ್ಮನೆಯವರು ಇದ್ದಾಗ ಬೈಯುತ್ತಿದ್ದರು: "ಯಾರೋ ಯಾರಿಗೋ ಹೊಡೆಯೋದನ್ನ ನೋಡೋಕೆ ಟಿಕೆಟ್ ತಗೊಂಡು ಮೂಡಿಗೆರೆಗೆ ಹೋಗ್ಬೇಕಾ? ನಮ್ಮ ಅಣ್ಣ ಬೇಲಿ ಹತ್ರ ಬಂದಾಗ ಕರೀತೀನಿ, ಪುಕ್ಕಟೆ ನೋಡು." ಅವರ ಅಣ್ಣತಮ್ಮಂದಿರ ಜಗಳದಲ್ಲಿ ಬರೀ ಮಾತು. ಒಂದು ಏಟು ಬಿದ್ದಿದ್ದು ನಾನು ಕಾಣೆ.

ಹೀಗೆ ಬಾಯಿ ತುಂಬ ಹೊಗಳುವ ನಾನು ಆ ಕಾಲದ ಒಂದೇ ಒಂದು ಪಿಕ್ಚರಿನ ಕೊನೆಯನ್ನೂ ನೋಡಿದವಳಲ್ಲ. ನಾನೊಬ್ಬಳೇ ಅಲ್ಲ, ಜಾವಳಿ ಕಡೆಯಿಂದ ಹೋಗುತ್ತಿದ್ದ ಯಾರೂ ನೋಡಿಲ್ಲ. ಸಂತೆ ದಿನ ಸಂತೆ ಮುಗಿಸಿ, ಚೀಲ ಕಾಲಡಿ ಇಟ್ಟುಕೊಂಡು ಮೂಡಿಗೆರೆಯ ಟೆಂಟು ಟಾಕೀಸಿನಲ್ಲಿ ಕೂರುತ್ತಿದ್ದೆವು. ಟೆಂಟಿನವನು ಜನ ತುಂಬುವವರೆಗೆ ಪಿಕ್ಚರು ಬಿಡುತ್ತಿರಲಿಲ್ಲ. ನಮ್ಮ ಕಡೇ ಬಸ್ಸು ಪಿಕ್ಚರು ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ಡ್ರೈವರ್ ಬಾಬಣ್ಣ ಒಳ್ಳೆಯವನೇ. ಬಿಟ್ಟು ಹೋಗದೆ ಬಸ್ಸನ್ನು ಟೆಂಟಿನ ಬಾಗಿಲಿಗೇ ತಂದು ಹಾರ್ನ್ ಹೊಡೆಯುತ್ತಿದ್ದ. ಕೇಳದಿದ್ದರೆ ಬಾಗಿಲ ಪರದೆ ಸರಿಸಿ ತಲೆ ಒಳಗೆ ಹಾಕುತ್ತಿದ್ದ. "ಜಾವಳಿಯವ್ರು ಯಾರಿದ್ದೀರಿ, ಏಳಿ! ಆಮೇಲೆ ಹೀರೋ ಬಂದು ನಿಮ್ಮನ್ನ ಮನೆಗೆ ಬಿಡಲ್ಲ!" ಅಲ್ಲಿ ಹೀರೋವಿನ ತಾಯಿಯನ್ನು ಕಂಬಕ್ಕೆ ಕಟ್ಟಿರುತ್ತಿದ್ದರು, ಇಲ್ಲಿ ನಾವು ಕತ್ತಲೆಯಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ನನ್ನ ಒಂದು ಕಣ್ಣು ಪರದೆಯ ಮೇಲಿದ್ದರೆ ಎರಡು ಕಿವಿಯೂ ರಸ್ತೆಯ ಮೇಲೆ. ಹಾಗೆ ಹೆದರಿಕೊಂಡು ಪಿಕ್ಚರು ನೋಡಿದವರು ಬೇರೆ ಎಲ್ಲೂ ಇರಲಿಕ್ಕಿಲ್ಲ.

ಬಸ್ಸು ಹತ್ತಿದ ಮೇಲೆ ಕೊನೆಯನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಬೇರೆ ದಾರಿ ಇರಲಿಲ್ಲ, ಅಷ್ಟಕ್ಕೇ ಬಿಟ್ಟು ಮಲಗಿದರೆ ನಿದ್ದೆ ಬರಬೇಕಲ್ಲ. ಹಿಂದಿನ ಸೀಟಿನಿಂದ ಒಬ್ಬರು ಒಂದು ಹೇಳಿದರೆ ಮುಂದಿನ ಸೀಟಿನಿಂದ ಇನ್ನೊಬ್ಬರು ತಿದ್ದುವುದು. ಬಣಕಲ್ ದಾಟುವ ಹೊತ್ತಿಗೆ ವಿಲನ್ ಸತ್ತಿರುತ್ತಿದ್ದ. ಕೊಟ್ಟಿಗೆಹಾರದಲ್ಲಿ ಹೀರೋವಿನ ತಂಗಿಯ ಮದುವೆ. ಬಾಬಣ್ಣನೂ ಸ್ಟೇರಿಂಗ್ ಹಿಡಿದುಕೊಂಡೇ "ಅವ್ನಿಗೆ ಅಷ್ಟು ಸಾಲ್ದು, ಇನ್ನೊಂದು ಸ್ವಲ್ಪ ಹಾಕಿ" ಅನ್ನುತ್ತಿದ್ದ.

ಹಾಗೆ ಬಸ್ಸಿನಲ್ಲಿ ಮುಗಿಸಿದ ಪಿಕ್ಚರುಗಳಲ್ಲಿ ಒಂದು ಮರದ ಮಿಲ್ಲಿನದು. ಹೀರೋ ಲಾರಿ ಡ್ರೈವರು. ವಿಲನ್ ಚಿನ್ನದ ಹಲ್ಲಿನ ಸಾ ಮಿಲ್ ಸಾಹುಕಾರ. ಕಡೆಗೆ ಅವನು ಹೀರೋವಿನ ತಾಯಿಯನ್ನು ಒಂದು ದಿಮ್ಮಿಗೆ ಕಟ್ಟಿ ಮಿಷನ್ ಚಾಲು ಮಾಡುತ್ತಾನೆ. ದಿಮ್ಮಿ ಗರಗಸದ ಕಡೆಗೆ ನಿಧಾನ ಜರುಗುತ್ತದೆ. ಅಷ್ಟಕ್ಕೆ ಹಾರ್ನ್ ಆಯಿತು. ಬಸ್ಸಿನಲ್ಲಿ ನಾವು ತೀರ್ಮಾನ ಮಾಡಿದ್ದು ಹೀಗೆ: ತಾಯಿ ಹಲ್ಲಿನಲ್ಲೇ ಹಗ್ಗ ಕಡಿದು ಏಳುತ್ತಾಳೆ, ಅಲ್ಲೇ ಬಿದ್ದಿದ್ದ ಕತ್ತಿ ತೆಗೆದುಕೊಂಡು ಮಿಷನ್ನಿನ ಬೆಲ್ಟು ಕತ್ತರಿಸುತ್ತಾಳೆ, ಆಮೇಲೆ ಸಾಹುಕಾರನನ್ನು ಮಿಲ್ಲಿನ ತುಂಬ ಅಟ್ಟಾಡಿಸುತ್ತಾಳೆ. ಹೀರೋ ಬರುವ ಹೊತ್ತಿಗೆ ಅವನಿಗೆ ಕೆಲಸವೇ ಉಳಿದಿರುವುದಿಲ್ಲ, ತಾಯಿಗೆ ನೀರು ಕೊಡುತ್ತಾನೆ.

ಈ ಕತೆ ನನಗೆ ಅನ್ನ ಕೊಟ್ಟಿತು. ನಮ್ಮದು ಸಣ್ಣ ತೋಟ, ಬರೀ ರೊಬಸ್ಟಾ. ಜನವರಿ ಕಳೆದ ಮೇಲೆ ಹಣ್ಣು ಕುಯ್ಯುವ ಜನಕ್ಕೆ ಎಲ್ಲರೂ ಬಾಯಿ ಬಿಟ್ಟುಕೊಂಡಿರುವ ಹೊತ್ತಿನಲ್ಲಿ ದೊಡ್ಡ ಎಸ್ಟೇಟಿನವರ ಹಾಗೆ ನಾವು ಜೀಪು ಕಳಿಸುವ ಹಾಗಿಲ್ಲ, ಹಬ್ಬಕ್ಕೆ ಸೀರೆ ಕೊಡುವ ಹಾಗಿಲ್ಲ. ಹಾಗಾಗಿ ನಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೆಂಗಸರ ಸಾಲಿನಲ್ಲಿ ನಿಂತು ಹಣ್ಣು ಕುಯ್ಯುತ್ತ ಪಿಕ್ಚರಿನ ಕತೆ ಹೇಳುತ್ತಿದ್ದೆ. ಸಂಜೆ ಹಣ್ಣು ತೂಗುವ ಹೊತ್ತಿಗೆ ಸರಿಯಾಗಿ ತಾಯಿಯನ್ನು ದಿಮ್ಮಿಗೆ ಕಟ್ಟಿ ನಿಲ್ಲಿಸುತ್ತಿದ್ದೆ. "ಆಮೇಲೆ?" ಅಂದರೆ "ನಾಳೆ" ಅನ್ನುತ್ತಿದ್ದೆ. ಬಾಬಣ್ಣನಿಂದ ನಾನು ಕಲಿತ ವಿದ್ಯೆ ಅದೊಂದು. ಮಾರನೆಯ ದಿನ ಕೂಲಿ ಕಾಲನಿಯ ಹೆಂಗಸರು ಬೇರೆ ತೋಟಕ್ಕೆ ಹೋಗದೆ ನಮ್ಮಲ್ಲಿಗೇ ಬರುತ್ತಿದ್ದರು. ಅವರ ಗುಂಪಿಗೆ ಸುಂದರಿ ಯಜಮಾನಿ. ಅವಳು ಎತ್ತ ಹೋದರೆ ಉಳಿದವರು ಅತ್ತ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕತೆ ಹೇಳುವಾಗ ಮಾತ್ರ ಒಂದು ಮಾತು ಆಡದೆ ಕೇಳುತ್ತಿದ್ದಳು.

ಹತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಸಿಡಿ ಬಂತು.

ಆ ವರ್ಷ ಕುಯ್ಲು ಮೊದಲೇ ಹಿಂದೆ ಬಿದ್ದಿತ್ತು. ತೋಟದ ಕೆಳಗಿನ ಪಟ್ಟೆಯಲ್ಲಿ ಹಣ್ಣು ಗಿಡದಲ್ಲೇ ಕಪ್ಪಾಗುತ್ತಿತ್ತು, ಅದೇ ರೆಕ್ಕೆಯಲ್ಲಿ, ಅಂದರೆ ಅದೇ ಕೊಂಬೆಯಲ್ಲಿ, ಮುಂದಿನ ವರ್ಷದ ಮೊಗ್ಗು ಕಡ್ಡಿಯ ಹಾಗೆ ಎದ್ದು ನಿಂತಿತ್ತು. ಈಗ ಹೂಮಳೆ ಬಂದರೆ ಮುಗಿಯಿತು. ವಾರ ಕಳೆಯುವುದರೊಳಗೆ ಹೂವಾಗುತ್ತದೆ, ಹೂವಿನ ಗಿಡಕ್ಕೆ ಕೈ ಹಾಕಿ ಹಣ್ಣು ಕುಯ್ದರೆ ಹೂ ಉದುರುತ್ತದೆ, ಕುಯ್ಯದಿದ್ದರೆ ಹಣ್ಣು ಉದುರುತ್ತದೆ. ಈ ವರ್ಷದ್ದು ಬೇಕೋ ಮುಂದಿನ ವರ್ಷದ್ದು ಬೇಕೋ ಅಂತ ದೇವರು ಕೇಳಿದ ಹಾಗೆ. ನಾನು ದಿನಾ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮುಂಚೆ ದುರ್ಗದ ಗುಡ್ಡದ ಕಡೆ ಮೋಡ ನೋಡುತ್ತಿದ್ದೆ. ಹಲ್ಲುಜ್ಜಿದ ಮೇಲೆ ಇನ್ನೊಂದು ಸಲ.

ಶನಿವಾರ ಸಂಜೆ ಹಣ್ಣು ತೂಗುವಾಗ ಸುಂದರಿ ಹೇಳಿದಳು. "ಅಮ್ಮ, ನಾಳೆ ಪಕ್ಕದ ಎಸ್ಟೇಟಲ್ಲಿ ಟಿವಿ ಇಟ್ಟು ಸಿಡಿ ಹಾಕ್ತಾರಂತೆ. ರೈಟ್ರು ಕಾಲನಿಗೇ ಬಂದು ಕರ್ದು ಹೋದ್ರು."

"ಯಾವ ಪಿಕ್ಚರು?" ಅಂದೆ.

"ನಿಮ್ದೇ! ಮರದ ಮಿಲ್ಲಿಂದು. ನಾವೇ ಕೇಳಿ ಹಾಕ್ಸಿದ್ದು. ನೀವೂ ಬನ್ನಿ."

ತೂಗಿದ ಚೀಲವನ್ನೇ ಮತ್ತೊಂದು ಸಲ ತೂಗಿದೆ.

ಲೆಕ್ಕಪತ್ರ ನೋಡುವ ಆ ರೈಟರು ಪದ್ಮನಾಭ ನನಗೆ ಗೊತ್ತಿಲ್ಲದವನಲ್ಲ. ಅವನ ಎಸ್ಟೇಟಿನಲ್ಲೂ ಜನ ಸಾಲದೆ ಹಣ್ಣು ಉಳಿದಿತ್ತು. ಭಾನುವಾರ ಪಿಕ್ಚರು, ಸೋಮವಾರ ಬೆಳಿಗ್ಗೆ ಕಾಲನಿಗೆ ಜೀಪು, ಹೀಗೆ ಲೆಕ್ಕ ಹಾಕಿದ್ದ. ಪಿಕ್ಚರು ನೋಡಿ ಬಂದ ಹೆಂಗಸರು ನಮ್ಮ ತೋಟಕ್ಕೆ ಯಾಕೆ ಬರುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಗರಗಸದ ಮುಂದೆ ಏನಾಗುತ್ತದೆ ಅಂತ ನನಗೇ ಗೊತ್ತಿಲ್ಲ. ಕತ್ತಿ ಫೈಟು ಇಲ್ಲದಿದ್ದರೆ? ಹತ್ತು ವರ್ಷ ನಮಗೆ ಸುಳ್ಳು ಹೇಳಿ ದುಡಿಸಿಕೊಂಡಿದ್ದಾಳೆ ಈ ಮುದುಕಿ ಅಂತ ಸುಂದರಿ ಒಂದು ಮಾತು ಆಡಿದರೆ ಕೆಳಗಿನ ಪಟ್ಟೆಯ ಹಣ್ಣು ಹಕ್ಕಿಗೆ.

ಮನೆಗೆ ಬಂದು ಸೊಸೆ ಸವಿತಾಳನ್ನು ಕೇಳಿದೆ. "ಸಿಡೀಲಿ ಪಿಕ್ಚರಿನ ಕೊನೆಯೂ ಇರುತ್ತಾ?"

"ಇರದೆ ಮತ್ತೆ? ಎರಡು ಸಿಡಿ ಇರುತ್ತೆ ಅತ್ತೆ. ಕೊನೆ ಎರಡನೇದ್ರಲ್ಲಿ."

"ಎರಡನೇದು ಕೆಟ್ಟು ಹೋಗೋದು ಉಂಟಾ?"

"ಯಾಕತ್ತೆ?"

"ಸುಮ್ನೆ ಕೇಳ್ದೆ ಮಾರಾಯ್ತಿ, ಎಲ್ಲಕ್ಕೂ ಯಾಕೆ ಯಾಕೆ ಅನ್ಬೇಡ."

ನಾಳೆ ಕರೆಂಟು ಹೋಗಲಿ ಅಂತ ದೇವರಿಗೆ ತೆಂಗಿನಕಾಯಿ ಹೇಳಿಕೊಂಡೆ. ಕರೆಂಟು ಬರಲಿ ಅಂತ ಹೇಳಿಕೊಂಡವರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ, ಹೋಗಲಿ ಅಂತ ಹೇಳಿಕೊಂಡವಳು ನಾನೊಬ್ಬಳೇ ಇರಬೇಕು. ಸೋಮವಾರದಿಂದ ಶನಿವಾರದವರೆಗೆ ದಿನಾ ತಪ್ಪದೆ ಹೋಗುತ್ತಿದ್ದ ಕರೆಂಟು ಭಾನುವಾರ ಕಣ್ಣು ಮಿಟುಕಿಸಲಿಲ್ಲ. ದೇವರಿಗೆ ಅರ್ಥವಾಗಲಿಲ್ಲವೋ, ಕಾಯಿ ಚಿಕ್ಕದಾಯಿತೋ.

ಮಧ್ಯಾಹ್ನ ಊಟ ಮಾಡಿ ಹೋದೆ. ಹೋಗದಿದ್ದರೆ ಹೆದರಿದಳು ಅಂದುಕೊಳ್ಳುತ್ತಾರೆ. ಎಸ್ಟೇಟಿನ ಗೋಡೌನಿನಲ್ಲಿ ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿದ್ದರು. ಮೂಟೆಗಳ ಮೇಲೆ ಟಿವಿ. ಹೆಂಗಸರೆಲ್ಲ ನೆಲದಲ್ಲಿ. ನನಗೆ ಎಸ್ಟೇಟಿನ ಸಾಹುಕಾರರ ಹೆಂಡತಿಯ ಪಕ್ಕ ಕುರ್ಚಿ ಹಾಕಿದರು. ಪದ್ಮನಾಭ ಬೀಗದ ಕೈ ಗೊಂಚಲು ಆಡಿಸುತ್ತ "ಅಮ್ಮನೂ ಬಂದ್ರಾ, ಬನ್ನಿ ಬನ್ನಿ" ಅಂತ ಮದುವೆ ಮನೆಯವನ ಹಾಗೆ ಉಪಚಾರ ಮಾಡಿದ.

ಪಿಕ್ಚರು ಶುರುವಾಯಿತು. ನಾನು ಹತ್ತು ವರ್ಷ ನೆನೆಸಿಕೊಂಡು ನೆನೆಸಿಕೊಂಡು ಬೆಳೆಸಿದ ಹೀರೋ ನೋಡಿದರೆ ನಮ್ಮ ಹಾಲಿನ ಡೈರಿಯ ಹುಡುಗನಷ್ಟು ಸಣಕಲ. ಐವತ್ತು ಜನ ರೌಡಿಗಳು ಅಂತ ನಾನು ಹೇಳುತ್ತಿದ್ದದ್ದು, ಸರಿಯಾಗಿ ನೋಡಿದರೆ ಎಂಟೇ ಜನ. ಸತ್ತವರೇ ಅಂಗಿ ಬದಲಿಸಿಕೊಂಡು ಮತ್ತೆ ಬರುತ್ತಿದ್ದರು. ಮಡಕೆ ಗಾಡಿಯಲ್ಲಿ ಮಡಕೆ ಒಂದೇ ಸಾಲು, ಕೆಳಗೆಲ್ಲ ಹುಲ್ಲು ತುಂಬಿದ್ದರು. ಇಷ್ಟು ವರ್ಷ ಆ ಮಡಕೆಯವನಿಗೆ ಮರುಗಿದ್ದು ದಂಡವಾಯಿತಲ್ಲ ಅನ್ನಿಸಿತು. ಆದರೆ ಹೆಂಗಸರು ತಿರುಗಿ ತಿರುಗಿ ನನ್ನನ್ನು ನೋಡಿ "ಅಮ್ಮ ಹೇಳ್ದಂಗೇ ಉಂಟು" ಅಂತ ತಲೆ ಆಡಿಸುತ್ತಿದ್ದರು. ಅವರು ಒಂದೊಂದು ಸಲ ತಲೆ ಆಡಿಸಿದಾಗಲೂ ಗರಗಸ ನನಗೆ ಒಂದು ಮೊಳ ಹತ್ತಿರ ಬರುತ್ತಿತ್ತು.

ಎರಡನೇ ಸಿಡಿ ಹಾಕಿದರು. ಕೆಟ್ಟಿರಲಿಲ್ಲ. ತಾಯಿಯನ್ನು ಹಿಡಿದು ತಂದರು. ದಿಮ್ಮಿಗೆ ಕಟ್ಟಿದರು. ಸಾಹುಕಾರ ಚಿನ್ನದ ಹಲ್ಲು ತೋರಿಸಿ ನಕ್ಕ. ಮಿಷನ್ ಚಾಲು ಆಯಿತು. ದಿಮ್ಮಿ ಜರುಗಿತು.

ನಾನು ಎದ್ದೆ. ಏಳಬೇಕು ಅಂತ ಎದ್ದಿದ್ದಲ್ಲ. ಕಾಲು ತಾನಾಗಿ ಎದ್ದಿತು, ಕತ್ತಲೆಯಲ್ಲಿ ಚಪ್ಪಲಿ ಹುಡುಕಿತು, ಕೈ ಇಲ್ಲದ ಸಂತೆ ಚೀಲಕ್ಕೆ ತಡಕಾಡಿತು.

"ಎಲ್ಲಿಗೆ ಹೊರಟ್ರಿ? ಕೊನೆ ಬಂತು, ಕೂತ್ಕೊಳ್ಳಿ" ಅಂದರು ಸಾಹುಕಾರರ ಹೆಂಡತಿ.

"ಬಸ್ಸು" ಅಂದೆ.

ಅವರು ಏನೆಂದುಕೊಂಡರೋ ಗೊತ್ತಿಲ್ಲ. ವಯಸ್ಸಾದವರು, ಹೊರಗೆ ಹೋಗಬೇಕಾಗಿರಬಹುದು ಅಂತ ಕಾಲು ಮಡಿಸಿ ದಾರಿ ಬಿಟ್ಟರು. ಹೊರಗೆ ಬಂದು ಗೋಡೌನಿನ ಗೋಡೆಗೆ ಒರಗಿ ನಿಂತೆ. ಬಿಸಿಲು ಕಣ್ಣಿಗೆ ಚುಚ್ಚಿತು. ಮೋಡ ನೋಡಿದೆ. ದುರ್ಗದ ತಲೆಯ ಮೇಲೆ ಹತ್ತಿಯಷ್ಟು ಇತ್ತು. ಮಳೆ ಬರುತ್ತದೋ, ಜೀಪು ಬರುತ್ತದೋ, ಯಾವುದು ಮೊದಲು ಅಂತ ಲೆಕ್ಕ ಹಾಕುತ್ತ ಕಿವಿಯನ್ನು ಗೋಡೆಗೆ ಕೊಟ್ಟೆ. ಒಳಗಿನಿಂದ ಕತ್ತಿಯ ಶಬ್ದ ಇಲ್ಲ. ಒಂದು ಡಿಶುಂ ಇಲ್ಲ. ಯಾರೋ ಅಳುತ್ತಿದ್ದಾರೆ. ಆಮೇಲೆ ಪಿಟೀಲು. ಫೈಟಿಂಗ್ ಪಿಕ್ಚರಿನಲ್ಲಿ ಪಿಟೀಲು ಬಂತು ಅಂದರೆ ಎಲ್ಲ ಮುಗಿಯಿತು ಅಂತಲೇ ಅರ್ಥ. ಕೆಳಗಿನ ಪಟ್ಟೆಯ ಆಸೆ ಬಿಟ್ಟೆ.

ಬಾಗಿಲು ತೆರೆಯಿತು. ಮೊದಲು ಬಂದವಳು ಸುಂದರಿ. ಮುಖ ಕೆಂಪಗೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಪದ್ಮನಾಭನ ಎದುರು ಹೋಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ ರೈಟ್ರೇ, ನಮ್ಮನ್ನ ಏನಂತ ತಿಳ್ಕಂಡಿದ್ದೀರಿ?"

"ಯಾಕೆ, ಎಂತಾಯ್ತು?"

"ಕತ್ತಿ ಫೈಟು ಎಲ್ಲಿ?"

"ಯಾವ ಕತ್ತಿ ಫೈಟು? ಪಿಕ್ಚರು ಇರೋದೇ ಇಷ್ಟು."

"ಇಷ್ಟೇ ಅಂತೆ! ಪೊಲೀಸ್ನೋರು ಬಂದ್ರಂತೆ, ಅವ್ನು ಕೈ ಮುಗ್ದು ಅತ್ನಂತೆ, ಇವ್ಳು ಹೋಗ್ಲಿ ಬಿಡು ಮಗನೇ ಅಂದ್ಲಂತೆ. ಗರಗಸಕ್ಕೆ ಕಟ್ಟಿದವ್ನನ್ನ ಯಾವ ಹೆಂಗಸು ಹೋಗ್ಲಿ ಬಿಡು ಅಂತಾಳ್ರೀ? ನಿಮ್ಮ ತಾಯಿ ಅಂತಾರಾ?"

"ಒರಿಜಿನಲ್ ಸಿಡಿ ಕಣಮ್ಮ. ಚಿಕ್ಕಮಗಳೂರಿಂದ ತರ್ಸಿದ್ದು."

"ಡೂಪ್ಲಿಕೇಟು!" ಅಂತ ಹಿಂದಿನಿಂದ ಒಬ್ಬಳು ಕೂಗಿದಳು. "ಹಣ್ಣು ತೂಗೋವಾಗ ಕಟ್ ಮಾಡೋದು ಸಾಲ್ದು ಅಂತ ಪಿಕ್ಚರಲ್ಲೂ ಕಟ್ ಮಾಡಿದ್ದಾರೆ!" ಇನ್ನೊಬ್ಬಳು "ಕೂಲಿಯವ್ರಿಗೆ ಇಷ್ಟು ಸಾಕು ಅಂತ ಕಡೇ ಫೈಟು ಸಾಹುಕಾರ್ರ ಮನೇಲಿ ಇಟ್ಕಂಡಿರ್ತಾರೆ" ಅಂದಳು. ಸಾಹುಕಾರರ ಹೆಂಡತಿ ಗಾಬರಿಯಾಗಿ "ನಮ್ಮನೇಲಿ ಎಂತದೂ ಇಲ್ಲಪ್ಪ" ಅಂದರು.

ಪದ್ಮನಾಭನಿಗೆ ಬೆವರು ಕಿತ್ತುಬಂತು. ಸುತ್ತ ನೋಡಿದವನಿಗೆ ಗೋಡೆಗೆ ಒರಗಿದ್ದ ನಾನು ಕಂಡೆ. "ಅಮ್ಮ, ನೀವೇ ಹೇಳಿ. ನೀವು ಟೆಂಟಲ್ಲೇ ನೋಡಿದವ್ರು. ಕೊನೆ ಹೀಗೇ ಅಲ್ವಾ ಇದ್ದಿದ್ದು?"

ಎಲ್ಲರೂ ನನ್ನ ಕಡೆ ತಿರುಗಿದರು. ಸುಳ್ಳು ಹೇಳಿ ಅಭ್ಯಾಸ ಇಲ್ಲ, ನಿಜ ಹೇಳಿದರೆ ಬೆಳೆ ಇಲ್ಲ. ಕಡೆಗೆ ಬಾಯಿಗೆ ಬಂದಿದ್ದು ಹೇಳಿದೆ.

"ಪದ್ಮನಾಭ, ನೀನು ಇವತ್ತು ತೋರ್ಸಿದ ಕೊನೇನ ನಾನು ಟೆಂಟಲ್ಲಿ ನೋಡಿಲ್ಲಪ್ಪ."

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿ. ಹೆಂಗಸರು "ಕೇಳಿದ್ರಾ!" ಅಂತ ಒಟ್ಟಿಗೆ ಕೂಗಿದರು. ಪದ್ಮನಾಭ ಬೀಗದ ಕೈ ಜೇಬಿಗೆ ಹಾಕಿಕೊಂಡ. ಸೋಮವಾರ ಅವನ ಜೀಪು ಕಾಲನಿಗೆ ಹೋಗಿ ಖಾಲಿ ವಾಪಸು ಬಂತು.

ಸೋಮವಾರ ಬೆಳಿಗ್ಗೆ ಸುಂದರಿ ನನ್ನ ಪಕ್ಕದ ಸಾಲು ಹಿಡಿದಳು. ಉಳಿದವರು ದೂರ ಹೋದ ಮೇಲೆ ಅವಳು ರೆಕ್ಕೆ ಬಗ್ಗಿಸಿಕೊಂಡು, ನನ್ನ ಮುಖ ನೋಡದೆ ಹೇಳಿದಳು.

"ಅಮ್ಮ, ಅವತ್ತು ಅದೇ ಬಸ್ಸಲ್ಲಿ ನಾನೂ ಇದ್ದೆ."

ನಾನು ಹಿಡಿದಿದ್ದ ರೆಕ್ಕೆ ಬಿಟ್ಟೆ.

"ಮದ್ವೆಯಾಗಿ ಬಂದ ಹೊಸ್ತು. ಹಿಂದಿನ ಸೀಟು. ತಾಯಿ ಹಲ್ಲಲ್ಲಿ ಹಗ್ಗ ಕಡೀಲಿ, ಕತ್ತಿ ತಗಳ್ಳಿ ಅಂದಿದ್ದು ನಾನು."

"ನೀನಾ?"

"ನೀನಾ ಅಂತೀರಲ್ಲ. ಹತ್ತು ವರ್ಷದಿಂದ ನನ್ನ ಫೈಟು ನನಗೇ ಹೇಳ್ತಾ ಇದ್ದೀರಿ. ಅದೂ ಕಣ್ಣು ಅಷ್ಟಗಲ ಮಾಡ್ಕಂಡು."

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಹೇಳೋದು ಚೆನ್ನಾಗಿರ್ತದೆ. ನಾನು ಹೇಳಿದ್ರೆ ಇವ್ರು ಯಾರೂ ಕೇಳಲ್ಲ." ಒಂದು ಹಿಡಿ ಹಣ್ಣು ಚೀಲಕ್ಕೆ ಹಾಕಿ ಅವಳು ಮುಂದುವರಿಸಿದಳು. "ಆದ್ರೆ ಇನ್ನು ಮುಂದೆ ನಮಗೆ ಕೊಡೋ ಕಾಫೀಲಿ ಹಾಲು ಸ್ವಲ್ಪ ಕಣ್ಣಿಗೆ ಕಾಣ್ಲಿ. ನೀವು ಕೊಡೋದು ಹೊಳೆ ನೀರು ಇದ್ದಂಗಿರ್ತದೆ."

ಅಷ್ಟೆಲ್ಲ ಜನರ ಎದುರು ನನ್ನ ಮಾನ ಉಳಿಸಿದಳು ಅಂತ ನಾನು ಅಂದುಕೊಂಡಿದ್ದೆ. ಅವಳು ಉಳಿಸಿಕೊಂಡಿದ್ದು ತನ್ನ ಫೈಟನ್ನು. ಅವತ್ತಿನಿಂದ ಒಂದು ಲೋಟ ಹಾಲು ಹೆಚ್ಚಿಗೆ ಹಾಕಿದೆ. ಕೆಳಗಿನ ಪಟ್ಟೆ ಮುಗಿಯಿತು. ಇನ್ನು ಮಳೆ ಬರಲಿ ಅಂತ ಧೈರ್ಯವಾಗಿ ಮೋಡ ನೋಡಿದೆ. ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಮೊಗ್ಗು ಒಣಗಿ ಹೋಗುತ್ತದಲ್ಲಾ ಅಂತ ಇನ್ನೊಂದು ಚಿಂತೆ ಶುರುವಾಯಿತು. ಅದರ ಕತೆ ಬೇಡ.

ಈಗ ಮನೆಯಲ್ಲೇ ಟಿವಿ ಇದೆ. ಬಾಬಣ್ಣನ ಬಸ್ಸು ನಿಂತು ಎಷ್ಟೋ ವರ್ಷವಾಯಿತು. ಮೊನ್ನೆ ಮರದ ಮಿಲ್ಲಿನ ಪಿಕ್ಚರು ಮತ್ತೆ ಬಂತು. "ಇವತ್ತು ನಿಮ್ಮನ್ನ ಏಳೋಕೆ ಬಿಡಲ್ಲ ಅತ್ತೆ" ಅಂತ ಸವಿತಾ ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತಳು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ದಿಮ್ಮಿ ಜರುಗಿತು, ಸೋಪಿನ ಜಾಹೀರಾತು ಬಂತು. ಕಣಕ್ಕೆ ಟಾರ್ಪಾಲು ಹೊದೆಸಿದ್ದಾರಾ ನೋಡಿ ಬರುತ್ತೇನೆ ಅಂತ ಸೊಸೆಯನ್ನು ದಾಟಿಕೊಂಡು ಹೊರಗೆ ಬಂದೆ. ಕಾಫಿ ಮಾರಿ ತಿಂಗಳಾಗಿತ್ತು, ಕಣ ಖಾಲಿ ಇತ್ತು. ಆದರೂ ಪೂರ್ತಿ ನೋಡಿ, ಮೋಡವನ್ನೂ ನೋಡಿ, ಪಿಟೀಲು ನಿಂತ ಮೇಲೆ ಒಳಗೆ ಹೋದೆ.

ನಮ್ಮತ್ತೆಯ ಟಾರ್ಪಾಲಿನ ಕತೆ ಹೇಳಿ ನಾನು ಇಷ್ಟು ವರ್ಷ ನಗುತ್ತಿದ್ದೆ. ಅವತ್ತಿನಿಂದ ನಗುವುದು ಬಿಟ್ಟಿದ್ದೇನೆ. ಸವಿತಾಳಿಗೂ ಮಗನಿಗೂ ಒಂದು ಮಾತು ಮೊದಲೇ ಹೇಳಿಟ್ಟಿದ್ದೇನೆ: ನನ್ನ ಗಳಿಗೆ ಬಂದಾಗ ನಾನು ಚಪ್ಪಲಿ ಕೇಳಿದರೆ ಗಂಗಾಜಲದ ಚಮಚ ಕೆಳಗಿಟ್ಟು ಯಾರೂ ಓಡಬೇಡಿ, ಸುಮ್ಮನೆ ತಂದು ಕಾಲ ಹತ್ತಿರ ಇಡಿ. ಹಾರ್ನ್ ಆದಮೇಲೆ ಹುಡುಕುತ್ತ ಕೂತರೆ ಬಾಬಣ್ಣ ಬೈಯುತ್ತಾನೆ.